ಸೈಲೆನ್ಸರ್ ಬದಲಿಸಿದರೆ ಕಾರಿನ ಶಕ್ತಿ ಹೆಚ್ಚುವುದೇ?

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಯಲ್ಲಾಗಲಿ, ಜಿಲ್ಲಾ ಕೇಂದ್ರದ ಯಾವುದೋ ಗ್ಯಾರೇಜಿನಲ್ಲಾಗಲಿ, ಕಾರಿನ ‘ಪಿಕಪ್’ ಸಾಲದು ಎಂದು ದೂರುವವರಿಗೆ ದೊರೆಯುವ ಸಲಹೆಗಳಲ್ಲಿ ಒಂದು ಬಹಳ ಹಳೆಯದು: ‘ಕಂಪನಿ ಸೈಲೆನ್ಸರ್ ತೆಗೆಸಿ, ಫ್ರೀ ಫ್ಲೋ ಹಾಕಿಸಿ’. ಥಳಥಳಿಸುವ ಉಕ್ಕಿನ ಡಬ್ಬಿ, ಅಗಲ ಬಾಯಿಯ ಕೊಳವೆ, ಕಾರು ಚಾಲೂ ಆದೊಡನೆ ಬೀದಿಯವರೆಲ್ಲ ತಿರುಗಿ ನೋಡುವಂಥ ಗುಡುಗು. ಇದಕ್ಕಾಗಿ ಹತ್ತಾರು ಸಾವಿರ ರೂಪಾಯಿ ತೆತ್ತವರು ಕಾರು ಮೊದಲಿಗಿಂತ ವೇಗವಾಗಿ ಓಡುತ್ತಿದೆ ಎಂದು ಆಣೆ ಮಾಡಿ ಹೇಳುತ್ತಾರೆ. ಹಾಗಾದರೆ ಕೋಟ್ಯಂತರ ರೂಪಾಯಿ ಸುರಿದು ಎಂಜಿನ್ ರೂಪಿಸುವ ಕಂಪನಿಗಳ ಎಂಜಿನಿಯರುಗಳಿಗೆ ಇಷ್ಟು ಸರಳವಾದ ಉಪಾಯ ಹೊಳೆಯಲಿಲ್ಲವೇ?

ಹೊಳೆದಿದೆ. ಎಂಜಿನ್‌ನಿಂದ ಹೊಗೆ ಸಲೀಸಾಗಿ ಹೊರಹೋದಷ್ಟೂ ಶಕ್ತಿ ಹೆಚ್ಚುತ್ತದೆ ಎಂಬ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಎಷ್ಟು ಶಕ್ತಿ, ಯಾವ ವೇಗದಲ್ಲಿ, ಏನನ್ನು ಕಳೆದುಕೊಂಡು ಎಂಬ ಪ್ರಶ್ನೆಗಳನ್ನು ಗ್ಯಾರೇಜಿನಲ್ಲಿ ಯಾರೂ ಕೇಳುವುದಿಲ್ಲ. ಲೆಕ್ಕ ಹಾಕಿ ನೋಡಿದರೆ ಉತ್ತರ ಅಂಗಡಿಯವರಿಗೆ ಅಷ್ಟೇನೂ ಹಿತವಾಗಿಲ್ಲ.

ಎಂಜಿನ್‌ನ ಉಸಿರಾಟ

ನಾಲ್ಕು ಸ್ಟ್ರೋಕ್ ಎಂಜಿನ್‌ನಲ್ಲಿ ಪಿಸ್ಟನ್ ಒಮ್ಮೆ ಗಾಳಿ-ಇಂಧನದ ಮಿಶ್ರಣವನ್ನು ಒಳಗೆಳೆದುಕೊಳ್ಳುತ್ತದೆ, ಅದನ್ನು ಒತ್ತುತ್ತದೆ, ಕಿಡಿ ಹೊತ್ತಿದಾಗ ಕೆಳಕ್ಕೆ ತಳ್ಳಲ್ಪಟ್ಟು ಕೆಲಸ ಮಾಡುತ್ತದೆ, ಕೊನೆಗೆ ಉರಿದ ಅನಿಲವನ್ನು ಹೊರದಬ್ಬುತ್ತದೆ. ಕ್ರ್ಯಾಂಕ್‌ಶಾಫ್ಟ್ ಎರಡು ಸುತ್ತು ತಿರುಗುವಷ್ಟರಲ್ಲಿ ಈ ಚಕ್ರ ಮುಗಿಯುತ್ತದೆ. ನಿಮಿಷಕ್ಕೆ 6000 ಸುತ್ತು ತಿರುಗುವ ಎಂಜಿನ್‌ನಲ್ಲಿ ಪ್ರತಿಯೊಂದು ಸಿಲಿಂಡರೂ ಒಂದೇ ಸೆಕೆಂಡಿನಲ್ಲಿ 50 ಬಾರಿ ಉಸಿರು ಬಿಡುತ್ತದೆ.

ಪಿಸ್ಟನ್ ತಳ ಮುಟ್ಟುವ ಮೊದಲೇ ನಿಷ್ಕಾಸ ಕವಾಟ, ಎಂದರೆ ಎಕ್ಸಾಸ್ಟ್ ವಾಲ್ವ್, ತೆರೆದುಕೊಳ್ಳುತ್ತದೆ. ಆ ಕ್ಷಣದಲ್ಲಿ ಒಳಗಿನ ಅನಿಲದ ಒತ್ತಡ ಹೊರಗಿನ ವಾತಾವರಣಕ್ಕಿಂತ ಹಲವು ಪಟ್ಟು ಹೆಚ್ಚು. ಹೀಗಾಗಿ ಬಹುಪಾಲು ಅನಿಲ ಪಿಸ್ಟನ್ ತಳ್ಳುವುದಕ್ಕೆ ಕಾಯದೆ ತಾನಾಗಿಯೇ ಸಿಡಿದು ಹೊರನುಗ್ಗುತ್ತದೆ. ನಾವು ಕೇಳುವ ‘ಎಂಜಿನ್ ಸದ್ದಿನ’ ಮೂಲ ಇದೇ ಸಿಡಿತ. ಪೆಟ್ರೋಲಿನಲ್ಲಿದ್ದ ಶಕ್ತಿಯ ಸುಮಾರು ಮೂರನೆಯ ಒಂದು ಭಾಗ ಶಾಖದ ರೂಪದಲ್ಲಿ ಈ ಕೊಳವೆಯ ಮೂಲಕವೇ ವ್ಯರ್ಥವಾಗುತ್ತದೆ.

ಹೊರನುಗ್ಗಿದ ಅನಿಲ ಮೊದಲು ಮ್ಯಾನಿಫೋಲ್ಡ್ ಎಂಬ ಕವಲು ಕೊಳವೆಯಲ್ಲಿ ಒಂದುಗೂಡಿ, ಕೆಟಲಿಟಿಕ್ ಕನ್ವರ್ಟರನ್ನು ಹಾಯ್ದು, ರೆಸೊನೇಟರ್ ಮತ್ತು ಸೈಲೆನ್ಸರ್ ದಾಟಿ ಹಿಂಬದಿಯ ಬಾಯಿಯಿಂದ ಹೊರಬರುತ್ತದೆ. ದಾರಿಯಲ್ಲಿನ ಪ್ರತಿ ತಿರುವು, ಪ್ರತಿ ಜಾಲರಿ, ಪ್ರತಿ ಅಡ್ಡಗೋಡೆಯೂ ಒಂದಿಷ್ಟು ತಡೆಯೊಡ್ಡುತ್ತದೆ. ಇವೆಲ್ಲದರ ಒಟ್ಟು ಫಲವನ್ನು ಹಿಮ್ಮುಖ ಒತ್ತಡ ಎನ್ನುತ್ತಾರೆ. ಗ್ಯಾರೇಜಿನ ಭಾಷೆಯಲ್ಲಿ ‘ಬ್ಯಾಕ್ ಪ್ರೆಶರ್’. ಈ ಒತ್ತಡದ ವಿರುದ್ಧ ಅನಿಲವನ್ನು ದಬ್ಬಲು ಪಿಸ್ಟನ್ ಪಡುವ ಶ್ರಮ ಚಕ್ರಕ್ಕೆ ಸಿಗಬೇಕಾದ ಶಕ್ತಿಯಿಂದಲೇ ಕಡಿತವಾಗುತ್ತದೆ.

ನಷ್ಟ ಎಷ್ಟು?

ಒಂದು ಪರಿಚಿತ ಎಂಜಿನನ್ನೇ ತೆಗೆದುಕೊಳ್ಳೋಣ. ಮಾರುತಿ ಸುಜುಕಿ ಸ್ವಿಫ್ಟ್ ಕಾರಿನಲ್ಲಿ ಹಲವು ವರ್ಷ ಬಂದ 1197 ಸಿಸಿಯ ನಾಲ್ಕು ಸಿಲಿಂಡರ್ ಪೆಟ್ರೋಲ್ ಎಂಜಿನ್ 6000 ಸುತ್ತಿನಲ್ಲಿ ಸುಮಾರು 83 ಅಶ್ವಶಕ್ತಿ ನೀಡುತ್ತಿತ್ತು. ಆ ವೇಗದಲ್ಲಿ ಪಿಸ್ಟನ್‌ಗಳು ಪ್ರತಿ ಸೆಕೆಂಡಿಗೆ ಸುಮಾರು 60 ಲೀಟರ್ ಜಾಗವನ್ನು ಗುಡಿಸಿ ಅನಿಲವನ್ನು ಹೊರಹಾಕುತ್ತವೆ. ಇಡೀ ನಿಷ್ಕಾಸ ವ್ಯವಸ್ಥೆ ಒಡ್ಡುವ ಹಿಮ್ಮುಖ ಒತ್ತಡ ವಾತಾವರಣದ ಐದನೆಯ ಒಂದು ಭಾಗದಷ್ಟು, ಎಂದರೆ 0.2 ಬಾರ್ ಎಂದು ಇಟ್ಟುಕೊಳ್ಳೋಣ. ಒತ್ತಡವನ್ನು ಗಾತ್ರದಿಂದ ಗುಣಿಸಿದರೆ ಶಾಲೆಯ ಭೌತಶಾಸ್ತ್ರದಂತೆ ಶಕ್ತಿ ಸಿಗುತ್ತದೆ: ಸುಮಾರು 1200 ವ್ಯಾಟ್. ಅಶ್ವಶಕ್ತಿಯಲ್ಲಿ ಹೇಳಿದರೆ ಒಂದೂವರೆಗೆ ಸ್ವಲ್ಪ ಹೆಚ್ಚು.

ಯಾವ ಸೈಲೆನ್ಸರೂ ಈ ಒತ್ತಡವನ್ನು ಸೊನ್ನೆಗಿಳಿಸಲಾರದು. ದುಬಾರಿ ಬೆಲೆಯ ಒಳ್ಳೆಯ ಸೈಲೆನ್ಸರ್ ಅದನ್ನು ಅರ್ಧಕ್ಕೆ ಇಳಿಸಿತು ಎಂದುಕೊಂಡರೂ ಉಳಿತಾಯ ಮುಕ್ಕಾಲು ಅಶ್ವಶಕ್ತಿಯ ಆಸುಪಾಸು. ಇದಲ್ಲದೆ ಸಿಲಿಂಡರಿನ ಮೂಲೆಯಲ್ಲಿ ಉಳಿದುಹೋಗುವ ಹಳೆಯ ಹೊಗೆ ಕೊಂಚ ಕಡಿಮೆಯಾಗಿ, ಆ ಜಾಗಕ್ಕೆ ಹೊಸ ಗಾಳಿ ಬರುವುದರಿಂದ ಇನ್ನಷ್ಟು ಲಾಭವಿದೆ. ಎಲ್ಲ ಸೇರಿಸಿದರೂ ಒಂದೆರಡು, ಹೆಚ್ಚೆಂದರೆ ಮೂರು ಅಶ್ವಶಕ್ತಿ. ಅದೂ ಆಕ್ಸಿಲರೇಟರನ್ನು ಪೂರ್ತಿ ಒತ್ತಿ, ಎಂಜಿನ್ ಕಿರುಚುವ 6000 ಸುತ್ತಿನಲ್ಲಿ ಮಾತ್ರ.

ನಗರದ ಚಾಲನೆಯಲ್ಲಿ ಈ ಲೆಕ್ಕ ಇನ್ನೂ ಮೋಜಿನದಾಗುತ್ತದೆ. ಕೊಳವೆಯೊಂದರ ತಡೆ ಅನಿಲದ ಹರಿವಿನ ವರ್ಗಕ್ಕೆ ಅನುಗುಣವಾಗಿ ಏರಿಳಿಯುತ್ತದೆ. ವೇಗ 6000ದಿಂದ 2000 ಸುತ್ತಿಗೆ ಇಳಿದರೆ ಹರಿವು ಮೂರರಲ್ಲೊಂದಾಗುತ್ತದೆ, ತಡೆ ಒಂಬತ್ತರಲ್ಲೊಂದಾಗುತ್ತದೆ. ಎರಡನ್ನೂ ಗುಣಿಸಿದರೆ, ಆಕ್ಸಿಲರೇಟರ್ ಪೂರ್ತಿ ಒತ್ತಿದ್ದರೂ, ಹಿಮ್ಮುಖ ಒತ್ತಡದಿಂದಾಗುವ ನಷ್ಟ ಸುಮಾರು 45 ವ್ಯಾಟ್. ಹಳೆಯ ಕಾಲದ ಒಂದು ಬಲ್ಬು ಉರಿಯುವಷ್ಟು! ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಎರಡನೆಯ ಗೇರಿನಲ್ಲಿ ತೆವಳುವ ಕಾರಿಗೆ ಫ್ರೀ ಫ್ಲೋ ಸೈಲೆನ್ಸರ್ ಉಳಿಸಿಕೊಡುವುದು ಈ ಬಲ್ಬಿನ ಅರ್ಧ ಬೆಳಕನ್ನು. ಮೈಲೇಜ್ ಏರುತ್ತದೆ ಎಂಬ ಭರವಸೆಗೆ ಎಷ್ಟು ಬೆಲೆ ಕೊಡಬೇಕೆಂಬುದನ್ನು ಓದುಗರೇ ಊಹಿಸಬಹುದು.

ಹೋಲಿಕೆಗಾಗಿ ಇನ್ನೊಂದು ಸಂಗತಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿನ ವಾಯುಭಾರ ಮಂಗಳೂರಿನದಕ್ಕಿಂತ ಶೇಕಡ 10ರಷ್ಟು ಕಡಿಮೆ. ಟರ್ಬೊ ಇಲ್ಲದ ಎಂಜಿನ್ ಅಷ್ಟೇ ಪ್ರಮಾಣದಲ್ಲಿ ಕಡಿಮೆ ಗಾಳಿ ಸೇದುತ್ತದೆ, ಬೆಂಗಳೂರಿನ ತಂಪು ಹವೆ ಇದನ್ನು ಸ್ವಲ್ಪಮಟ್ಟಿಗೆ ಮಾತ್ರ ಸರಿದೂಗಿಸುತ್ತದೆ. ಅಂದರೆ ಮೇಲಿನ ಕಾರನ್ನು ಶಿರಾಡಿ ಘಾಟಿ ಇಳಿಸಿ ಪಣಂಬೂರಿನ ಕಡಲತೀರಕ್ಕೆ ಒಯ್ದರೆ ಬಿಟ್ಟಿಯಾಗಿ ದೊರೆಯುವ ಶಕ್ತಿ, ಸೈಲೆನ್ಸರ್ ಬದಲಾವಣೆಯಿಂದ ಸಿಗುವುದಕ್ಕಿಂತ ಹೆಚ್ಚು. ಈ ವ್ಯತ್ಯಾಸವನ್ನು ಗಮನಿಸಿದ ಚಾಲಕರು ವಿರಳ. ಮೂರು ಅಶ್ವಶಕ್ತಿಯನ್ನು ‘ಅನುಭವಿಸಿದೆ’ ಎನ್ನುವವರು ಮಾತ್ರ ಬಹಳ.

‘ಬ್ಯಾಕ್ ಪ್ರೆಶರ್ ಬೇಕೇ ಬೇಕು’ ಎಂಬ ನಂಬಿಕೆ

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ನಂಬಿಕೆಯೂ ಮೆಕ್ಯಾನಿಕ್‌ಗಳಲ್ಲಿ ಬೇರೂರಿದೆ. ಎಂಜಿನ್‌ಗೆ ಸ್ವಲ್ಪವಾದರೂ ಬ್ಯಾಕ್ ಪ್ರೆಶರ್ ಇಲ್ಲದಿದ್ದರೆ ‘ಲೋ ಎಂಡ್’ ಎಳೆತ ಹೋಗಿಬಿಡುತ್ತದೆ ಎಂಬುದು. ಕಣ್ಣಿಗೆ ಕಂಡದ್ದು ಸರಿ, ಕೊಟ್ಟ ಕಾರಣ ತಪ್ಪು. ತನ್ನ ಉಸಿರಿಗೆ ಅಡ್ಡಿಯಾಗಬೇಕೆಂದು ಯಾವ ಎಂಜಿನ್ ಕೂಡ ಬಯಸುವುದಿಲ್ಲ. ಅದಕ್ಕೆ ಬೇಕಾದದ್ದು ಅನಿಲದ ವೇಗ.

ಮತ್ತೆ ಅದೇ 1197 ಸಿಸಿ ಎಂಜಿನ್. 6000 ಸುತ್ತಿನಲ್ಲಿ ಒಳಗೆ ಹೋಗುವ ತಣ್ಣನೆಯ ಗಾಳಿ ಸೆಕೆಂಡಿಗೆ ಐವತ್ತೈದು ಲೀಟರಿನಷ್ಟಿದ್ದರೆ, 600 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅದೇ ಅನಿಲ ಸುಮಾರು ಮೂರು ಪಟ್ಟು ಹಿಗ್ಗಿ 160 ಲೀಟರ್ ಆಗಿ ಹೊರಬರುತ್ತದೆ. ಒಳವ್ಯಾಸ 40 ಮಿ.ಮೀ. ಇರುವ ಕೊಳವೆಯಲ್ಲಿ ಅದು ಸೆಕೆಂಡಿಗೆ ಸುಮಾರು 125 ಮೀಟರ್ ವೇಗದಲ್ಲಿ ಸಾಗುತ್ತದೆ. ‘ದೊಡ್ಡದಿದ್ದಷ್ಟೂ ಒಳ್ಳೆಯದು’ ಎಂದು 50 ಮಿ.ಮೀ. ಕೊಳವೆ ಬೆಸೆದರೆ ವೇಗ 80 ಮೀಟರಿಗೆ ಬೀಳುತ್ತದೆ. 2000 ಸುತ್ತಿನಲ್ಲಿ ಈ ಸಂಖ್ಯೆಗಳು 42 ಮತ್ತು 27 ಆಗುತ್ತವೆ.

ವೇಗವಾಗಿ ಓಡುವ ಅನಿಲಕ್ಕೆ ತೂಕವಿದೆ, ಆದ್ದರಿಂದ ಜಡತ್ವವೂ ಇದೆ. ಒಂದು ಸಿಲಿಂಡರಿನಿಂದ ಹೊರಟ ಅನಿಲದ ಗುಚ್ಛ ಮುಂದೆ ಸಾಗುವಾಗ ತನ್ನ ಬೆನ್ನ ಹಿಂದೆ ಒತ್ತಡ ಕಡಿಮೆಯಾದ ಜಾಗವನ್ನು ಬಿಟ್ಟುಹೋಗುತ್ತದೆ. ಓಡುವ ಬಸ್ಸಿನ ಹಿಂದೆ ಧೂಳು, ತರಗೆಲೆ ಎದ್ದು ಹಿಂಬಾಲಿಸುವಂತೆ ಸಿಲಿಂಡರಿನಲ್ಲಿ ಉಳಿದ ಹೊಗೆಯೂ ಅದರ ಹಿಂದೆ ಸೆಳೆಯಲ್ಪಡುತ್ತದೆ. ಪಿಸ್ಟನ್ ಮೇಲ್ತುದಿಗೆ ಬರುವ ಹೊತ್ತಿಗೆ ನಿಷ್ಕಾಸ ಕವಾಟ ಮುಚ್ಚುವ ಮೊದಲೇ ಒಳಸೇರುವ ಕವಾಟ ತೆರೆದಿರುತ್ತದೆ. ಎರಡೂ ಬಾಗಿಲು ಏಕಕಾಲಕ್ಕೆ ತೆರೆದಿರುವ ಆ ಅಲ್ಪಾವಧಿಯಲ್ಲಿ ಹೊರಗಿನ ಸೆಳೆತ ಚೆನ್ನಾಗಿದ್ದರೆ, ಹಳೆಯ ಹೊಗೆ ಗುಡಿಸಿ ಹೋಗುವುದಷ್ಟೇ ಅಲ್ಲ, ಹೊಸ ಗಾಳಿ ಪಿಸ್ಟನ್ ಎಳೆಯುವ ಮೊದಲೇ ಒಳಬರತೊಡಗುತ್ತದೆ. ಅತಿ ಅಗಲದ ಕೊಳವೆಯಲ್ಲಿ ಅನಿಲ ಸೋಮಾರಿಯಾಗಿ ಸಾಗುವುದರಿಂದ ಈ ಸೆಳೆತ ಕುಗ್ಗುತ್ತದೆ. ಗೇರು ಇಳಿಸದೆ ಏರು ಹತ್ತುವಾಗ ಕಾರು ‘ಎಳೆಯುವುದಿಲ್ಲ’ ಎಂಬ ದೂರಿನ ಹಿಂದಿರುವುದು ಇದೇ. ನಮ್ಮ ನಗರಗಳ ಚಾಲನೆ ಬಹುಪಾಲು ನಡೆಯುವುದೂ 1500ರಿಂದ 3000 ಸುತ್ತಿನೊಳಗೆ ಎಂಬುದನ್ನು ಇಲ್ಲಿ ಮರೆಯಬಾರದು.

ಕೊಳವೆಯೊಳಗಿನ ಅಲೆ

ಅನಿಲ ಹರಿಯುವುದು ಒಂದು ಕಥೆ. ಅದರಲ್ಲಿ ಅಲೆ ಏಳುವುದು ಇನ್ನೊಂದು ಕಥೆ, ಮತ್ತು ನಿಜವಾದ ಶಕ್ತಿ ಅಡಗಿರುವುದು ಇಲ್ಲಿ.

ಕವಾಟ ತೆರೆದಾಗ ಒತ್ತಡದ ಅಲೆಯೊಂದು ಕೊಳವೆಯಲ್ಲಿ ಶಬ್ದದ ವೇಗದಲ್ಲಿ ಓಡುತ್ತದೆ. ಬಿಸಿ ಅನಿಲದಲ್ಲಿ ಶಬ್ದದ ವೇಗ ಹೆಚ್ಚು. 600 ಡಿಗ್ರಿಯಲ್ಲಿ ಸೆಕೆಂಡಿಗೆ ಸುಮಾರು 590 ಮೀಟರ್. ಕೊಳವೆ ಹಠಾತ್ತನೆ ಅಗಲವಾಗುವ ಅಥವಾ ಕೊನೆಗೊಳ್ಳುವ ಜಾಗ ಮುಟ್ಟಿದೊಡನೆ ಈ ಅಲೆ ತಲೆಕೆಳಗಾಗಿ, ಎಂದರೆ ಒತ್ತುವ ಅಲೆ ಸೆಳೆಯುವ ಅಲೆಯಾಗಿ, ಕವಾಟದತ್ತ ಹಿಂದಿರುಗುತ್ತದೆ. ಎರಡೂ ಕವಾಟಗಳು ತೆರೆದಿರುವ ಕ್ಷಣಕ್ಕೆ ಸರಿಯಾಗಿ ಅದು ಬಂದು ತಲುಪಿದರೆ ಸಿಲಿಂಡರನ್ನು ಹೀರಿ ಸ್ವಚ್ಛಗೊಳಿಸುತ್ತದೆ. ತಪ್ಪು ಸಮಯಕ್ಕೆ ಒತ್ತುವ ಅಲೆಯೇ ಬಂದರೆ ಹೊಗೆಯನ್ನು ವಾಪಸ್ ಒಳಗೆ ನೂಕುತ್ತದೆ.

ಕವಾಟದಿಂದ ಒಂದು ಮೀಟರ್ ದೂರದಲ್ಲಿ ಕೊಳವೆ ಅಗಲವಾಗುತ್ತದೆ ಎಂದುಕೊಳ್ಳಿ. ಹೋಗಿಬರಲು ಎರಡು ಮೀಟರ್, ಅದಕ್ಕೆ ಬೇಕಾದ ಸಮಯ ಒಂದು ಸೆಕೆಂಡಿನ ಸಾವಿರ ಭಾಗಗಳಲ್ಲಿ 3.4. ಅಷ್ಟರಲ್ಲಿ 6000 ಸುತ್ತಿನಲ್ಲಿರುವ ಕ್ರ್ಯಾಂಕ್ 122 ಡಿಗ್ರಿ ತಿರುಗಿರುತ್ತದೆ. 3000 ಸುತ್ತಿನಲ್ಲಾದರೆ ಕೇವಲ 61 ಡಿಗ್ರಿ. ಅಲೆಯ ಪ್ರಯಾಣದ ಸಮಯ ಬದಲಾಗುವುದಿಲ್ಲ, ಎಂಜಿನ್ ವೇಗ ಬದಲಾಗುತ್ತದೆ. ಆದ್ದರಿಂದ ಒಂದು ವೇಗಕ್ಕೆ ಹೇಳಿಮಾಡಿಸಿದಂತಿರುವ ಕೊಳವೆ ಇನ್ನೊಂದು ವೇಗದಲ್ಲಿ ಅಡ್ಡಗಾಲಾಗುತ್ತದೆ. ಹೆಚ್ಚು ಸುತ್ತಿಗೆ ಗಿಡ್ಡ ಕೊಳವೆ, ಕಡಿಮೆ ಸುತ್ತಿಗೆ ಉದ್ದ ಕೊಳವೆ ಎಂಬುದು ಸ್ಥೂಲ ನಿಯಮ.

ರೇಸ್ ಕಾರುಗಳಲ್ಲಿ ಮಾಮೂಲಿ ಮ್ಯಾನಿಫೋಲ್ಡ್ ಬದಲಿಗೆ ‘ಹೆಡರ್’ ಎಂಬ ಉದ್ದನೆಯ, ಸಮಾನ ಅಳತೆಯ ಕೊಳವೆಗಳನ್ನು ಬಳಸುವುದು ಇದಕ್ಕಾಗಿಯೇ. ನಾಲ್ಕು ಸಿಲಿಂಡರಿನ ನಾಲ್ಕೂ ಕೊಳವೆಗಳು ನೇರವಾಗಿ ಒಂದೇ ಕಡೆ ಸೇರುವ ವಿನ್ಯಾಸ ಮೇಲಿನ ಸುತ್ತುಗಳಲ್ಲಿ ಫಲ ಕೊಡುತ್ತದೆ. ನಾಲ್ಕು ಎರಡಾಗಿ, ಎರಡು ಒಂದಾಗಿ ಸೇರುವ ವಿನ್ಯಾಸ ಮಧ್ಯಮ ಸುತ್ತುಗಳಲ್ಲಿ ಎಳೆತ ಹೆಚ್ಚಿಸುತ್ತದೆ. ಸಾಮಾನ್ಯವಾಗಿ ಸಿಲಿಂಡರುಗಳು 1-3-4-2 ಕ್ರಮದಲ್ಲಿ ಸಿಡಿಯುವುದರಿಂದ ಒಂದನೆಯದನ್ನು ನಾಲ್ಕನೆಯದರೊಡನೆಯೂ ಎರಡನೆಯದನ್ನು ಮೂರನೆಯದರೊಡನೆಯೂ ಜೋಡಿಸುತ್ತಾರೆ. ಆಗ ಜೊತೆಗಾರರ ಉಸಿರು ಒಂದಕ್ಕೊಂದು ಡಿಕ್ಕಿ ಹೊಡೆಯುವುದಿಲ್ಲ.

ಇಲ್ಲಿ ಗಮನಿಸಬೇಕಾದದ್ದೆಂದರೆ ಈ ಅಲೆಗಳ ಆಟ ಬಹುಮಟ್ಟಿಗೆ ಮುಗಿದುಹೋಗುವುದು ಎಂಜಿನ್‌ನ ಸಮೀಪದಲ್ಲೇ. ನಾಲ್ಕು ಕೊಳವೆಗಳು ಕೂಡಿ, ಅನಿಲ ಕನ್ವರ್ಟರಿನ ಜೇನುಗೂಡನ್ನು ಹಾಯ್ದ ಮೇಲೆ ಹಿಂದುಗಡೆಯ ಸೈಲೆನ್ಸರಿಗೆ ತಲುಪುವಷ್ಟರಲ್ಲಿ ಅಲೆಯ ಕಸುವು ಅಡಗಿರುತ್ತದೆ. ಅಂಗಡಿಗಳಲ್ಲಿ ಹೆಚ್ಚಾಗಿ ಮಾರಾಟವಾಗುವುದು ಮಾತ್ರ ಈ ಕೊನೆಯ ಡಬ್ಬಿಯೇ. ಏಕೆಂದರೆ ಕಣ್ಣಿಗೆ ಕಾಣುವುದೂ ಅದೇ, ಅರ್ಧ ಗಂಟೆಯಲ್ಲಿ ಬೆಸೆದು ಕೊಡಬಹುದಾದದ್ದೂ ಅದೇ.

ಎರಡು ಸ್ಟ್ರೋಕಿನ ನೆನಪು

ಸೈಲೆನ್ಸರಿಗೆ ಮಾಂತ್ರಿಕ ಶಕ್ತಿಯಿದೆ ಎಂಬ ನಂಬಿಕೆ ನಮ್ಮಲ್ಲಿ ಇಷ್ಟು ಗಟ್ಟಿಯಾಗಿರುವುದಕ್ಕೆ ಮೈಸೂರಿನ ಯಾದವಗಿರಿಯಲ್ಲಿ ತಯಾರಾಗುತ್ತಿದ್ದ ಯೆಜ್ಡಿ ಮತ್ತು 1985ರಲ್ಲಿ ಬಂದ ಯಮಹಾ ಆರ್‌ಎಕ್ಸ್ 100 ಬೈಕುಗಳೂ ಕಾರಣವಿರಬೇಕು ಎಂಬುದು ಈ ಲೇಖಕನ ಅನುಮಾನ. ಎರಡು ಸ್ಟ್ರೋಕ್ ಎಂಜಿನ್‌ನಲ್ಲಿ ನಿಷ್ಕಾಸಕ್ಕೆ ಕವಾಟವೇ ಇಲ್ಲ, ಸಿಲಿಂಡರಿನ ಗೋಡೆಯಲ್ಲಿ ಒಂದು ಕಿಂಡಿ ಮಾತ್ರ. ಹೊಸ ಮಿಶ್ರಣ ಒಳಬರುವಾಗಲೂ ಅದು ತೆರೆದೇ ಇರುವುದರಿಂದ ಒಂದಿಷ್ಟು ಪೆಟ್ರೋಲ್ ಉರಿಯದೆ ಹೊರಗೋಡುತ್ತದೆ. ಅದನ್ನು ಸರಿಯಾದ ಕ್ಷಣಕ್ಕೆ ವಾಪಸ್ ಒಳಗೆ ನೂಕುವ ಕೆಲಸ ಕೊಳವೆಯಲ್ಲಿ ಹಿಂದಿರುಗುವ ಅಲೆಯದು.

ಪೂರ್ವ ಜರ್ಮನಿಯ ಎಂಜಡ್ ಕಂಪನಿಯ ಎಂಜಿನಿಯರ್ ವಾಲ್ಟರ್ ಕಾಡೆನ್ 1950ರ ದಶಕದಲ್ಲಿ ಈ ತಂತ್ರವನ್ನು ಪಳಗಿಸಿ, ಹೊಟ್ಟೆ ಉಬ್ಬಿ ತುದಿ ಕಿರಿದಾದ ಕೊಳವೆಗಳಿಂದ ಪುಟ್ಟ ಎಂಜಿನ್‌ಗಳಲ್ಲಿ ಅಚ್ಚರಿಯ ಶಕ್ತಿ ಹೊರಡಿಸಿದರು. ಅವರ ತಂಡದ ಸವಾರ ಅರ್ನ್ಸ್ಟ್ ಡೆಗ್ನರ್ 1961ರಲ್ಲಿ ದೇಶ ತೊರೆದು ಆ ವಿದ್ಯೆಯನ್ನು ಜಪಾನಿನ ಸುಜುಕಿ ಕಂಪನಿಗೆ ಒಯ್ದರು. ಮರುವರ್ಷವೇ 50 ಸಿಸಿ ವಿಭಾಗದ ವಿಶ್ವ ಚಾಂಪಿಯನ್ ಪಟ್ಟ ಸುಜುಕಿಯ ಮೇಲೆ ಕುಳಿತ ಡೆಗ್ನರ್ ಪಾಲಾಯಿತು. ಒಂದು ಕೊಳವೆಯ ಆಕಾರಕ್ಕಾಗಿ ಶೀತಲ ಸಮರದ ಗಡಿ ದಾಟಿದ ಕಥೆಯಿದು. ಎರಡು ಸ್ಟ್ರೋಕಿನಲ್ಲಿ ಸೈಲೆನ್ಸರ್ ಎಂಜಿನ್‌ನ ಅರ್ಧ ಭಾಗವೇ ಸರಿ. ನಾಲ್ಕು ಸ್ಟ್ರೋಕಿನ ಕಾರಿನಲ್ಲಿ ಬಾಗಿಲು ಮುಚ್ಚುವ ಕೆಲಸವನ್ನು ಕವಾಟವೇ ಮಾಡುವುದರಿಂದ ಆ ಮಹಿಮೆಗೆ ಅಷ್ಟು ಅವಕಾಶವಿಲ್ಲ.

ಕಂಪ್ಯೂಟರಿಗೆ ತಿಳಿಸದೆ ಮಾಡಿದ ಬದಲಾವಣೆ

ಕಾರ್ಬ್ಯುರೇಟರ್ ಕಾಲದಲ್ಲಿ ಮೆಕ್ಯಾನಿಕ್ ಜೆಟ್ ಬದಲಿಸಿ ಇಂಧನದ ಪ್ರಮಾಣ ಹೊಂದಿಸುತ್ತಿದ್ದ. ಇಂದಿನ ಕಾರಿನಲ್ಲಿ ಆ ಕೆಲಸ ಇಸಿಯು ಎಂಬ ಪುಟ್ಟ ಗಣಕದ್ದು. ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ 14.7 ಪಾಲು ಗಾಳಿ ಎಂಬ ಅನುಪಾತವನ್ನು ಕಾಪಾಡಲು ಅದು ಕನ್ವರ್ಟರಿಗೆ ಮೊದಲು ಕುಳಿತ ಆಮ್ಲಜನಕ ಸೆನ್ಸರಿನ ವರದಿಯನ್ನು ಅವಲಂಬಿಸಿದೆ. ಕನ್ವರ್ಟರಿನ ನಂತರ ಇರುವ ಎರಡನೆಯ ಸೆನ್ಸರ್ ಕನ್ವರ್ಟರ್ ಕೆಲಸ ಮಾಡುತ್ತಿದೆಯೇ ಎಂದು ಕಾವಲು ಕಾಯುತ್ತದೆ.

ಸ್ಥಳೀಯವಾಗಿ ಬೆಸೆದ ಹೆಡರಿನ ಜೋಡಣೆಯಲ್ಲಿ ಕೂದಲೆಳೆಯಷ್ಟು ಬಿರುಕು ಉಳಿದರೂ ಏನಾಗುತ್ತದೆ ನೋಡಿ. ಹೊಗೆಯ ಒಂದು ಸಿಡಿತಕ್ಕೂ ಇನ್ನೊಂದಕ್ಕೂ ನಡುವೆ ಕೊಳವೆಯ ಒತ್ತಡ ಇಳಿದಾಗ ಹೊರಗಿನ ಗಾಳಿ ಆ ಬಿರುಕಿನಿಂದ ಒಳನುಸುಳುತ್ತದೆ. ಸೆನ್ಸರಿಗೆ ಹೆಚ್ಚು ಆಮ್ಲಜನಕ ಕಾಣುತ್ತದೆ. ಪೆಟ್ರೋಲ್ ಸಾಲುತ್ತಿಲ್ಲವೆಂದು ಭಾವಿಸಿದ ಗಣಕ ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ. ಮೈಲೇಜ್ ಕುಸಿಯುತ್ತದೆ, ಸ್ಪಾರ್ಕ್ ಪ್ಲಗ್ ಮಸಿ ಹಿಡಿಯುತ್ತದೆ. ಇಷ್ಟಾದರೂ ಹಿಂದಿನ ಸದ್ದು ಜೋರಾಗಿರುವುದರಿಂದ ಮಾಲೀಕರಿಗೆ ಕಾರು ಚುರುಕಾದಂತೆಯೇ ಭಾಸವಾಗುತ್ತದೆ.

ಇದರ ವಿರುದ್ಧ ಅಪಾಯವೂ ಉಂಟು. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಅನೇಕ ಕಾರುಗಳ ಗಣಕ ಸೆನ್ಸರಿನ ಮಾತನ್ನು ಬದಿಗಿಟ್ಟು, ಕಾರ್ಖಾನೆಯಲ್ಲಿ ಬರೆದಿಟ್ಟ ಕೋಷ್ಟಕದಂತೆ ಇಂಧನ ಕೊಡುತ್ತದೆ. ಹೆಡರ್ ನಿಜಕ್ಕೂ ಚೆನ್ನಾಗಿ ಕೆಲಸ ಮಾಡಿ ಎಂಜಿನ್ ಹೆಚ್ಚು ಗಾಳಿ ಸೇದತೊಡಗಿದರೆ, ಗಾಳಿಯನ್ನು ನೇರವಾಗಿ ಅಳೆಯದ ವ್ಯವಸ್ಥೆಗಳಲ್ಲಿ ಇಂಧನ ಕಡಿಮೆಬಿದ್ದು ಸಿಲಿಂಡರಿನೊಳಗಿನ ಶಾಖ ಏರಬಹುದು. ಆದ್ದರಿಂದ ಹೆಡರ್ ಹಾಕಿಸಿ ಇಸಿಯು ಕೋಷ್ಟಕವನ್ನು ಡೈನೊ ಮೇಲೆ ಮರುಹೊಂದಿಸದಿರುವುದು ಅರ್ಧ ಶಸ್ತ್ರಚಿಕಿತ್ಸೆ ಮಾಡಿ ಹೊಲಿಗೆ ಹಾಕದೆ ಕಳುಹಿಸಿದಂತೆ.

ಟರ್ಬೊ ಇರುವ ಕಾರುಗಳ ವಿಚಾರ ಬೇರೆ. ಅಲ್ಲಿ ಹೊಗೆಯ ಬಲದಿಂದಲೇ ಟರ್ಬೈನ್ ತಿರುಗಬೇಕು, ಅದರ ಮುಂದಿನ ಮತ್ತು ಹಿಂದಿನ ಒತ್ತಡಗಳ ಅಂತರ ಹೆಚ್ಚಿದಷ್ಟೂ ಅದು ಚುರುಕು. ಟರ್ಬೊ ನಂತರದ ದಾರಿಯನ್ನು ಸಲೀಸು ಮಾಡಿದರೆ ಕಣ್ಣಿಗೆ ಕಾಣುವ ಲಾಭ ನಿಜಕ್ಕೂ ಇದೆ. ಆದರೆ ಆ ದಾರಿಯಲ್ಲಿ ಮೊಟ್ಟಮೊದಲು ಎದುರಾಗುವುದೇ ಕೆಟಲಿಟಿಕ್ ಕನ್ವರ್ಟರ್. ಲಾಭದ ಬಹುಪಾಲು ಬರುವುದು ಅದನ್ನು ಕಿತ್ತೆಸೆದಾಗ, ಮತ್ತು ಗಂಡಾಂತರ ಶುರುವಾಗುವುದೂ ಅಲ್ಲಿಂದಲೇ. 2020ರ ಏಪ್ರಿಲ್‌ನಿಂದ ದೇಶದಾದ್ಯಂತ ಜಾರಿಗೆ ಬಂದ ಬಿಎಸ್-6 ಮಾನದಂಡದ ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯುವ ಡಿಪಿಎಫ್ ಸೋಸಕವೂ ಸೇರಿದೆ. ಅದರ ಎರಡು ಬದಿಯ ಒತ್ತಡವನ್ನು ಗಣಕ ಸದಾ ಅಳೆಯುತ್ತಿರುತ್ತದೆ. ಸೋಸಕ ತೆಗೆದರೆ ಎಚ್ಚರಿಕೆಯ ದೀಪ ಹೊತ್ತಿ, ಎಂಜಿನ್ ತನ್ನ ಶಕ್ತಿಯನ್ನು ತಾನೇ ಮೊಟಕುಗೊಳಿಸಿಕೊಳ್ಳುವುದುಂಟು.

ಕಿತ್ತೆಸೆದ ಜೇನುಗೂಡು

ಕೆಟಲಿಟಿಕ್ ಕನ್ವರ್ಟರಿನೊಳಗೆ ಪಿಂಗಾಣಿಯ ಜೇನುಗೂಡಿನಂಥ ರಚನೆ ಇರುತ್ತದೆ. ಅದರ ಗೋಡೆಗಳಿಗೆ ಪ್ಲಾಟಿನಮ್, ಪಲ್ಲಾಡಿಯಮ್, ರೋಡಿಯಮ್ ಲೋಹಗಳ ತೆಳು ಲೇಪ. ಸುಮಾರು 250-300 ಡಿಗ್ರಿಗೆ ಕಾದ ಮೇಲೆ ಅದು ಇಂಗಾಲದ ಮಾನಾಕ್ಸೈಡ್, ಉರಿಯದೆ ಉಳಿದ ಹೈಡ್ರೋಕಾರ್ಬನ್, ಸಾರಜನಕದ ಆಕ್ಸೈಡುಗಳನ್ನು ನಿರಪಾಯಕಾರಿ ಅನಿಲಗಳಾಗಿ ಮಾರ್ಪಡಿಸತೊಡಗುತ್ತದೆ. ಪೂರ್ತಿ ಬಿಸಿಯಾದ ಸುಸ್ಥಿತಿಯ ಕನ್ವರ್ಟರ್ ಈ ವಿಷಗಳಲ್ಲಿ ಶೇಕಡ 90ಕ್ಕೂ ಹೆಚ್ಚನ್ನು ಅಳಿಸುತ್ತದೆ. ಇದನ್ನೇ ತಿರುಗಿಸಿ ಹೇಳುವುದಾದರೆ, ಅದನ್ನು ತೆಗೆಸಿದ ಒಂದು ಕಾರು ರಸ್ತೆಯಲ್ಲಿ ಹತ್ತು ಕಾರುಗಳ ಹೊಗೆ ಉಗುಳುತ್ತದೆ. ಭಾರತದ ನಾಲ್ಕು ಮಹಾನಗರಗಳಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ 1995ರಲ್ಲಿ ಕಡ್ಡಾಯವಾದ ಈ ಸಾಧನಕ್ಕಾಗಿಯೇ ಸೀಸರಹಿತ ಪೆಟ್ರೋಲ್ ತರಬೇಕಾಯಿತು.

ಲೇಪದ ಲೋಹಗಳು ಬೆಲೆಬಾಳುವವು ಎಂಬುದು ಗುಜರಿ ವ್ಯಾಪಾರಿಗಳಿಗೆ ಚೆನ್ನಾಗಿ ಗೊತ್ತು. ‘ಅಡ್ಡ ಬರುತ್ತಿತ್ತು, ತೆಗೆದುಬಿಟ್ಟೆವು’ ಎನ್ನುವ ಗ್ಯಾರೇಜಿನಲ್ಲಿ ತೆಗೆದ ವಸ್ತುವನ್ನು ವಾಪಸ್ ಕೇಳುವ ಮಾಲೀಕರು ಕಡಿಮೆ.

ಹೊಗೆ ತಪಾಸಣೆಯಲ್ಲಿ ಬಿಎಸ್-4 ಪೆಟ್ರೋಲ್ ಕಾರಿನ ಮಾನಾಕ್ಸೈಡ್ ಪ್ರಮಾಣ ಸುಮ್ಮನೆ ನಿಂತಿರುವಾಗ ಶೇಕಡ 0.3 ಮೀರಬಾರದು. ಕನ್ವರ್ಟರ್ ಇಲ್ಲದ ಎಂಜಿನ್ ಈ ಮಿತಿಯೊಳಗೆ ಬರುವುದು ಬಹಳ ಕಷ್ಟ. ಬೀದಿಯ ಜನರಿಗಷ್ಟೇ ಅಲ್ಲ, ಒಳಗೆ ಕುಳಿತವರಿಗೂ ಇದರಿಂದ ಆಪತ್ತಿದೆ. ಕಾರಿನಡಿ ಸೋರುವ ಕೊಳವೆಯಿಂದ ಏಳುವ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕಿಟಕಿ ಏರಿಸಿ, ಎಂಜಿನ್ ಚಾಲೂ ಇಟ್ಟು, ಎ.ಸಿ. ಹಾಕಿಕೊಂಡು ಮಲಗುವವರ ಕಾರಿನಲ್ಲಿ ಕೈಯಾರೆ ಬೆಸೆದ ಸೋರುವ ಕೀಲೊಂದಿದ್ದರೆ ಪರಿಣಾಮವನ್ನು ವಿವರಿಸಬೇಕಾಗಿಲ್ಲ.

ಸದ್ದು, ಕಾಯಿದೆ

ಕಂಪನಿ ಸೈಲೆನ್ಸರಿನೊಳಗೆ ಕೋಣೆಗಳಿರುತ್ತವೆ. ಶಬ್ದದ ಅಲೆಗಳು ಅಲ್ಲಿ ಹಿಂದೆಮುಂದೆ ಬಡಿದು ಪರಸ್ಪರ ನಾಶವಾಗುತ್ತವೆ. ಫ್ರೀ ಫ್ಲೋ ಎನ್ನುವುದರಲ್ಲಿ ತೂತುಗಳಿರುವ ನೇರ ಕೊಳವೆ, ಅದರ ಸುತ್ತ ಗಾಜಿನ ಉಣ್ಣೆ. ಇದು ಎತ್ತರದ ಸ್ವರಗಳನ್ನು ಹೀರುತ್ತದೆ, ಗುಡುಗನ್ನು ಹಾಗೆಯೇ ಬಿಡುತ್ತದೆ. ಅಗ್ಗದ ಉಣ್ಣೆ ಕೆಲವೇ ಸಮಯದಲ್ಲಿ ಸುಟ್ಟು ಹಾರಿಹೋದ ಮೇಲೆ ಅಷ್ಟೂ ಇಲ್ಲ. ನಾಲ್ಕು ಸಿಲಿಂಡರಿನ ಎಂಜಿನ್ 3000 ಸುತ್ತಿನಲ್ಲಿ ಸೆಕೆಂಡಿಗೆ 100 ಬಾರಿ ಸಿಡಿಯುತ್ತದೆ. ಹೆದ್ದಾರಿಯಲ್ಲಿ ಸಣ್ಣ ಕಾರುಗಳು ಓಡುವುದು ಹೆಚ್ಚುಕಡಿಮೆ ಈ ಸುತ್ತಿನಲ್ಲೇ. ಆ 100 ಹರ್ಟ್ಸ್ ಗುಂಯ್‌ಗುಡುವಿಕೆ ಕಾರಿನ ಒಳಾಂಗಣದಲ್ಲಿ ಅನುರಣಿಸಿದರೆ ಬೆಂಗಳೂರಿನಿಂದ ಹುಬ್ಬಳ್ಳಿ ತಲುಪುವಷ್ಟರಲ್ಲಿ ತಲೆ ಸಿಡಿಯುತ್ತದೆ. ಎಷ್ಟೋ ಮಂದಿ ಹಳೆಯ ಸೈಲೆನ್ಸರನ್ನು ಸದ್ದಿಲ್ಲದೆ ವಾಪಸ್ ಹಾಕಿಸಿಕೊಳ್ಳುವುದು ಇದೇ ಕಾರಣಕ್ಕೆ.

ಸದ್ದು 10 ಡೆಸಿಬೆಲ್ ಏರಿದರೆ ಶಬ್ದಶಕ್ತಿ ಹತ್ತು ಪಟ್ಟಾಗುತ್ತದೆ, ಕಿವಿಗೆ ಎರಡು ಪಟ್ಟು ಜೋರೆನಿಸುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿಯಿದೆ. ನಡುರಾತ್ರಿ ಗುಡುಗುತ್ತ ಹೋಗುವ ಒಂದು ಕಾರು ಇಡೀ ಬಡಾವಣೆಯ ಹಸುಗೂಸುಗಳನ್ನೂ ಹೃದ್ರೋಗಿಗಳನ್ನೂ ಎಬ್ಬಿಸಬಲ್ಲದು.

ಕಾಯಿದೆಯ ನಿಲುವಿನಲ್ಲಿ ಸಂದಿಗ್ಧವಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮು ತಯಾರಕರು ನೀಡಿದ ವಿವರಣೆಗೆ ಹೊಂದದ ಮಾರ್ಪಾಡನ್ನು ನಿಷೇಧಿಸುತ್ತದೆ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182-ಎ ಕಲಮಿನಡಿ ಅನಧಿಕೃತ ಮಾರ್ಪಾಡಿಗೆ ಮಾಲೀಕರಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5000 ರೂಪಾಯಿ ದಂಡ, ಅಥವಾ ಎರಡೂ ಉಂಟು. ಶಬ್ದ ಮತ್ತು ವಾಯುಮಾಲಿನ್ಯದ ಮಾನದಂಡ ಮುರಿದವರಿಗೆ 190ನೇ ಕಲಮು ಮೊದಲ ಬಾರಿಗೆ ಮೂರು ತಿಂಗಳವರೆಗೆ ಸೆರೆ ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ, ಜೊತೆಗೆ ಮೂರು ತಿಂಗಳ ಮಟ್ಟಿಗೆ ಚಾಲನಾ ಪರವಾನಗಿಗೆ ಅನರ್ಹತೆಯನ್ನೂ ಹೇಳುತ್ತದೆ. ಸ್ಥಳದಲ್ಲೇ ರಾಜಿ ಮಾಡಿಕೊಳ್ಳುವ ಮೊತ್ತ ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗಬಹುದು. ಪೊಲೀಸರು ಜಪ್ತಿ ಮಾಡಿದ ಸೈಲೆನ್ಸರುಗಳನ್ನು ಸಾಲಾಗಿಟ್ಟು ರೋಡ್ ರೋಲರ್ ಹಾಯಿಸುವ ದೃಶ್ಯ ನಮ್ಮ ನಗರಗಳಲ್ಲಿ ಹೊಸದಲ್ಲ. ತಿಳಿಸದೆ ಮಾಡಿದ ಮಾರ್ಪಾಡಿನಿಂದ ವಾರಂಟಿಗೂ ವಿಮೆಯ ಹಣಕ್ಕೂ ಕುತ್ತು ಬರಬಹುದೆಂಬುದನ್ನು ಬೇರೆ ಹೇಳಬೇಕಿಲ್ಲ.

ನಿಜವಾಗಿ ನೋಡಬೇಕಾದದ್ದು

ಕಾರು ಹಿಂದಿನಂತೆ ಎಳೆಯುತ್ತಿಲ್ಲ ಎಂಬ ದೂರು ಎಷ್ಟೋ ಬಾರಿ ನಿಜವೇ ಆಗಿರುತ್ತದೆ, ದೋಷ ನಿಷ್ಕಾಸ ವ್ಯವಸ್ಥೆಯಲ್ಲೇ ಇರಲೂಬಹುದು. ಆದರೆ ಅದು ಕಂಪನಿಯ ವಿನ್ಯಾಸದ್ದಲ್ಲ, ವಯಸ್ಸಿನದು. ಒಂದು ಲೀಟರ್ ಪೆಟ್ರೋಲ್ ಉರಿದಾಗ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹಬೆಯಾಗಿ ಹುಟ್ಟುತ್ತದೆ. ದಿನವೂ ಎರಡು ಮೂರು ಕಿಲೋಮೀಟರ್ ಮಾತ್ರ ಓಡುವ ಕಾರಿನ ಸೈಲೆನ್ಸರ್ ಪೂರ್ತಿ ಬಿಸಿಯಾಗುವುದೇ ಇಲ್ಲ. ನೀರು ಒಳಗೇ ನಿಂತು ತಗಡು ತುಕ್ಕು ಹಿಡಿಯುತ್ತದೆ, ಒಳಗೋಡೆ ಕಳಚಿ ದಾರಿಗೆ ಅಡ್ಡ ಬೀಳುತ್ತದೆ. ಕರಾವಳಿಯ ಉಪ್ಪುಗಾಳಿಯಲ್ಲಿ ಇದು ಇನ್ನೂ ಬೇಗ. ಎಂಜಿನ್ ಆಯಿಲ್ ಕುಡಿಯುವ ಅಥವಾ ಒಂದು ಪ್ಲಗ್ ಕೆಟ್ಟು ಉರಿಯದ ಪೆಟ್ರೋಲನ್ನು ಹೊರಗಟ್ಟುವ ಕಾರಿನಲ್ಲಿ ಕನ್ವರ್ಟರಿನ ಜೇನುಗೂಡು ಕರಗಿ ಮುಚ್ಚಿಹೋಗುತ್ತದೆ. ಆಗ ಹಿಮ್ಮುಖ ಒತ್ತಡ 0.2 ಬಾರಿನಲ್ಲಿ ನಿಲ್ಲುವುದಿಲ್ಲ, ಕಾರು ಅರವತ್ತು ಕಿಲೋಮೀಟರ್ ವೇಗ ದಾಟಲೂ ಏದುಸಿರು ಬಿಡುತ್ತದೆ.

ಇದನ್ನು ಪತ್ತೆ ಮಾಡುವುದು ಕಷ್ಟವಲ್ಲ. ಕನ್ವರ್ಟರಿಗೆ ಮೊದಲಿನ ಆಮ್ಲಜನಕ ಸೆನ್ಸರನ್ನು ಬಿಚ್ಚಿ, ಆ ರಂಧ್ರಕ್ಕೆ ಒತ್ತಡಮಾಪಕ ಜೋಡಿಸಿ, ಎಂಜಿನನ್ನು 2500 ಸುತ್ತಿನಲ್ಲಿ ಹಿಡಿದರೆ ಸಾಕು. ಮುಳ್ಳು ಅಲುಗಾಡದಷ್ಟು ಕೆಳಗಿದ್ದರೆ ಸೈಲೆನ್ಸರಿಗಾಗಿ ಹಣ ಕೂಡಿಡುವ ಅಗತ್ಯವಿಲ್ಲ, ಗಾಳಿಯ ಫಿಲ್ಟರ್, ಪ್ಲಗ್, ಕ್ಲಚ್, ಟೈರಿನ ಗಾಳಿ ಇವುಗಳ ಕಡೆ ನೋಡಬೇಕು. ಸುತ್ತು ಏರಿದಂತೆ ಮುಳ್ಳು ಮೇಲೇರುತ್ತಲೇ ಹೋದರೆ ಕನ್ವರ್ಟರ್ ಅಥವಾ ಸೈಲೆನ್ಸರ್ ಕಟ್ಟಿಕೊಂಡಿದೆ. ಆಗಲೂ ಹಾಕಿಸಬೇಕಾದದ್ದು ಅದೇ ಮಾದರಿಗೆ ಕಂಪನಿ ಸೂಚಿಸಿದ ಹೊಸ ಭಾಗವನ್ನು. ಹಾಕಿಸುವ ಮೊದಲು ಅದು ಕಟ್ಟಿಕೊಂಡದ್ದೇಕೆ ಎಂಬುದನ್ನೂ ಹುಡುಕಿಸಬೇಕು, ಇಲ್ಲವಾದರೆ ಅದೇ ಕೆಟ್ಟ ಪ್ಲಗ್ ಹೊಸ ಕನ್ವರ್ಟರನ್ನೂ ಸುಟ್ಟುಹಾಕುತ್ತದೆ.